ಮದ್ದಿಗೆ ಮಣಿಯದ ಗಡ್ಡೆ

ಮೊದಲು ಗುಣ ತೋರಿದ ಕ್ಯಾನ್ಸರ್ ಔಷಧವು ಕೆಲವೊಮ್ಮೆ ಮುಂದೆ ನಿಷ್ಫಲವಾಗುವುದೇಕೆ? ಗಡ್ಡೆ ಬೆಳೆಯುವ ನೆಲೆಯನ್ನು ನಾವು ಮೊದಲು ಅರಿಯಬೇಕು. 1955ರಲ್ಲಿ ಇಂಗ್ಲೆಂಡಿನ ಟಾಮ್ಲಿನ್ಸನ್ ಮತ್ತು ಗ್ರೇ ಎಂಬ ವಿಜ್ಞಾನಿಗಳು ಶ್ವಾಸಕೋಶದ ಗಡ್ಡೆಗಳನ್ನು ಪರಿಶೀಲಿಸಿದರು. ರಕ್ತನಾಳಗಳಿಂದ ಮಿಲಿಮೀಟರಿನ ಸುಮಾರು ಐದರಲ್ಲೊಂದು ಪಾಲು ದೂರದಲ್ಲೇ ಜೀವಕೋಶಗಳು ಸತ್ತಿದ್ದವು. ಆಮ್ಲಜನಕದ ಅಭಾವವೇ ಕಾರಣವೆಂದು ಅವರು ವಿವರಿಸಿದರು.

ಆ ಮೃತಭಾಗದ ಅಂಚಿನಲ್ಲಿ ಅರೆಜೀವವಾಗಿ ಉಳಿದ ಕೋಶಗಳಿಂದಲೇ ಅಪಾಯ. ರಕ್ತದೊಡನೆ ಬರುವ ಔಷಧವು ಅಲ್ಲಿಗೆ ಸಾಕಷ್ಟು ತಲುಪದು. ಅನೇಕ ಮದ್ದುಗಳು ವೇಗವಾಗಿ ಇಮ್ಮಡಿಸುವ ಕೋಶಗಳನ್ನೇ ಹೆಚ್ಚಾಗಿ ಕೊಲ್ಲುತ್ತವೆ. ಹಸಿದ ಕೋಶಗಳಾದರೋ ಬೆಳವಣಿಗೆಯನ್ನು ತಡೆಹಿಡಿದು ಪಾರಾಗಿ, ಅನುಕೂಲ ಒದಗಿದಾಗ ಮತ್ತೆ ತಲೆಯೆತ್ತುತ್ತವೆ. ಹಲವು ಮದ್ದುಗಳನ್ನು ಕೂಡಿಸಿ, ಸುತ್ತು ಸುತ್ತಾಗಿ ಕೊಡುವುದಕ್ಕೆ ಇದೂ ಒಂದು ಕಾರಣ.

ಗಡ್ಡೆ ಕರಗಿತೆಂದೋ ರಜೆ ದೊರೆಯದೆಂದೋ ಚಿಕಿತ್ಸೆಯನ್ನು ನಡುವೆ ಬಿಡಬಯಸುವ ನಮ್ಮ ಬಂಧುಗಳು ಈ ಮಾತನ್ನು ಮರೆಯದಿರಲಿ.