ಗಾಜಿನ ತೊಟ್ಟಿಯ ಕಡಲ ಮೀನುಗಳು: ರೋಗಲಕ್ಷಣ ಹಾಗೂ ಉಪಚಾರ

ಮನೆಯ ಹಜಾರದಲ್ಲಿ ಗಾಜಿನ ತೊಟ್ಟಿಯನ್ನಿರಿಸಿ ಬಣ್ಣದ ಮೀನುಗಳನ್ನು ಸಾಕುವ ಹವ್ಯಾಸವು ಇಂದು ಶ್ರೀಮಂತರ ವಿಲಾಸವಾಗಿ ಮಾತ್ರ ಉಳಿದಿಲ್ಲ. ಸಿಹಿನೀರಿನ ಮೀನುಗಳಿಂದ ಆರಂಭಿಸಿದವರು ಕ್ರಮೇಣ ಕಡಲ ಮೀನುಗಳತ್ತ ಆಕರ್ಷಿತರಾಗುವುದು ಸಹಜವೇ ಆಗಿದೆ. ಅದರಲ್ಲೂ ವಿಶಾಖಪಟ್ಟಣದಂತಹ ಕಡಲತಡಿಯ ನಗರದಲ್ಲಿ ನೆಲೆಸಿರುವ ಕುಟುಂಬಗಳಲ್ಲಿ, ರಾಮಕೃಷ್ಣ ಬೀಚಿನ ಮತ್ಸ್ಯದರ್ಶಿನಿಯನ್ನು ಕಂಡುಬಂದ ಮಕ್ಕಳು ಅಂತಹುದೇ ಮೀನು ತಮ್ಮ ಮನೆಯಲ್ಲಿಯೂ ಇರಲಿ ಎಂದು ಹಟ ಹಿಡಿದರೆ ಆಶ್ಚರ್ಯವಿಲ್ಲ. ಆದರೆ ತಂದ ಮೀನು ಹದಿನೈದು ದಿನಗಳೊಳಗೆ ಸತ್ತು ತೇಲುವುದೂ ಅಷ್ಟೇ ಸಾಮಾನ್ಯವಾಗಿದೆ. ಇದಕ್ಕೆ ಅದೃಷ್ಟವನ್ನು ಹಳಿಯಬೇಕಾಗಿಲ್ಲ. ರೋಗದ ಜೀವನಕ್ರಮವನ್ನು ಅರಿತವರಿಗೆ ಈ ಮರಣಗಳಲ್ಲಿ ಬಹುಪಾಲನ್ನು ತಪ್ಪಿಸುವುದು ಸಾಧ್ಯ.

ಕಡಲ ಮೀನಿನ ದೇಹಧರ್ಮ

ಮೊದಲಿಗೆ ಒಂದು ಮೂಲ ಸಂಗತಿಯನ್ನು ತಿಳಿಯಬೇಕು. ಸಿಹಿನೀರಿನ ಮೀನಿನ ದೇಹದೊಳಕ್ಕೆ ನೀರು ತಾನಾಗಿಯೇ ನುಗ್ಗುತ್ತಿರುತ್ತದೆ. ಕಡಲ ಮೀನಿನದು ಇದಕ್ಕೆ ತದ್ವಿರುದ್ಧ ಸ್ಥಿತಿ. ಸುತ್ತಲಿನ ನೀರು ಅದರ ರಕ್ತಕ್ಕಿಂತ ಹೆಚ್ಚು ಉಪ್ಪಾಗಿರುವುದರಿಂದ ದೇಹದ ನೀರು ಕಿವಿರುಗಳ ಮೂಲಕ ಸದಾ ಹೊರಕ್ಕೆ ಸೋರಿಹೋಗುತ್ತಿರುತ್ತದೆ. ಈ ನಷ್ಟವನ್ನು ತುಂಬಿಕೊಳ್ಳಲು ಮೀನು ಉಪ್ಪುನೀರನ್ನೇ ಕುಡಿದು, ಹೆಚ್ಚಾದ ಉಪ್ಪನ್ನು ಕಿವಿರುಗಳ ಮೂಲಕವೇ ಹೊರಹಾಕುತ್ತದೆ. ಹೀಗಾಗಿ ಕಿವಿರು ಅದಕ್ಕೆ ಶ್ವಾಸಕೋಶವೂ ಹೌದು, ಒಂದು ಬಗೆಯ ಮೂತ್ರಪಿಂಡವೂ ಹೌದು. ಚರ್ಮಕ್ಕೋ ಕಿವಿರಿಗೋ ಗಾಯವಾದರೆ, ನೀರಿನ ನಡುವೆ ಇದ್ದೂ ಕಡಲ ಮೀನು ನೀರಿಲ್ಲದೆ ಬಳಲುತ್ತದೆ. ಉಸಿರಾಟದ ತೊಂದರೆಯನ್ನು ನಾವು ಎಲ್ಲಕ್ಕಿಂತ ಮೊದಲು ಗಮನಿಸಬೇಕಾದುದು ಈ ಕಾರಣದಿಂದಲೇ.

ಮೊದಲು ನೀರಿನ ಪರೀಕ್ಷೆ

ಮೀನು ಏದುಸಿರು ಬಿಡುತ್ತಿದ್ದರೆ ಅದು ರೋಗವೇ ಆಗಿರಬೇಕೆಂದಿಲ್ಲ. ಹೊಸ ತೊಟ್ಟಿಯಲ್ಲಿ ಮೀನಿನ ಮಲದಿಂದಲೂ ಉಳಿದ ಆಹಾರದಿಂದಲೂ ಅಮೋನಿಯ ಉತ್ಪತ್ತಿಯಾಗುತ್ತದೆ. ಅದನ್ನು ನಿರಪಾಯಕಾರಿಯಾಗಿ ಮಾರ್ಪಡಿಸುವ ಉಪಕಾರಿ ಬ್ಯಾಕ್ಟೀರಿಯಗಳು ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳು ಬೇಕು. ಆದುದರಿಂದ ಯಾವ ಔಷಧವನ್ನಾದರೂ ಮುಟ್ಟುವ ಮೊದಲು ನೀರನ್ನು ಪರೀಕ್ಷಿಸತಕ್ಕದ್ದು. ಸಾಪೇಕ್ಷ ಸಾಂದ್ರತೆ 1.022ರಿಂದ 1.026, ಉಷ್ಣತೆ 25ರಿಂದ 28 ಡಿಗ್ರಿ ಸೆಲ್ಸಿಯಸ್, ಪಿ.ಎಚ್. 8.0ರಿಂದ 8.4 ಇರುವುದು ಲೇಸು. ಅಮೋನಿಯ, ನೈಟ್ರೈಟ್‌ಗಳು ಸ್ವಲ್ಪವೂ ಇರಕೂಡದು. ಇವುಗಳಲ್ಲಿ ದೋಷವಿದ್ದರೆ ನೀರನ್ನು ಭಾಗಶಃ ಬದಲಾಯಿಸುವುದೇ ಮೊದಲ ಚಿಕಿತ್ಸೆ.

ಮುಖ್ಯ ರೋಗಗಳು, ಅವುಗಳ ಗುರುತು

ಬಿಳಿಚುಕ್ಕೆ ರೋಗ: ಇದಕ್ಕೆ ಕಾರಣ ಕ್ರಿಪ್ಟೊಕಾರಿಯಾನ್ ಇರಿಟಾನ್ಸ್ ಎಂಬ ಏಕಕೋಶ ಪರೋಪಜೀವಿ. ಉಪ್ಪಿನ ಹರಳನ್ನು ಉದುರಿಸಿದಂತೆ ಮೈಮೇಲೆ, ಈಜುರೆಕ್ಕೆಗಳ ಮೇಲೆ ಬಿಡಿಬಿಡಿಯಾದ ಬಿಳಿಯ ಚುಕ್ಕೆಗಳು ಕಾಣುತ್ತವೆ. ಮೀನು ಕಲ್ಲಿಗೆ ಮೈಯನ್ನು ಉಜ್ಜಿಕೊಳ್ಳುತ್ತದೆ.

ವೆಲ್ವೆಟ್ ರೋಗ: ಅಮೈಲೋಡಿನಿಯಂ ಒಸೆಲೇಟಂ ಎಂಬ ಜೀವಿ ಇದರ ಕಾರಣ. ಚುಕ್ಕೆಗಳು ಎಣಿಸಲಾರದಷ್ಟು ಸೂಕ್ಷ್ಮ. ಓರೆಯಾಗಿ ಟಾರ್ಚ್ ಹಿಡಿದು ನೋಡಿದರೆ ಮೈಮೇಲೆ ಹೊಂಬಣ್ಣದ ಧೂಳು ಕುಳಿತಂತೆ ತೋರುತ್ತದೆ. ಮೀನು ಬೆಳಕಿಗೆ ಹೆದರುತ್ತದೆ, ಆಹಾರ ಬಿಡುತ್ತದೆ, ಪಂಪಿನ ನೀರು ಬೀಳುವೆಡೆಯಲ್ಲಿ ನಿಂತು ಬಿರುಸಾಗಿ ಉಸಿರಾಡುತ್ತದೆ. ಮೊದಲು ಕಿವಿರನ್ನೇ ಹಿಡಿಯುವುದರಿಂದ, ಧೂಳು ಕಾಣುವ ಮುನ್ನವೇ ಸಾವು ಬಂದೀತು. ಬಿಳಿಚುಕ್ಕೆಯವರಿಗೆ ವಾರಗಳ ಅವಕಾಶವಿದ್ದರೆ ಇಲ್ಲಿ ದಿನಗಳ ಅವಕಾಶ ಮಾತ್ರ.

ಬ್ರೂಕ್ಲಿನೆಲ್ಲ: ಕ್ಲೌನ್ ಮೀನುಗಳನ್ನು ವಿಶೇಷವಾಗಿ ಕಾಡುವ ರೋಗವಿದು. ಚುಕ್ಕೆಗಳಿಗೆ ಬದಲಾಗಿ ದಪ್ಪನೆಯ ಬಿಳಿ ಲೋಳೆಯು ಸಿಪ್ಪೆ ಸುಲಿದಂತೆ ಮೈಯಿಂದ ಕಳಚುತ್ತದೆ. ಇದೂ ಶೀಘ್ರವಾಗಿ ಕೊಲ್ಲುತ್ತದೆ.

ಚಪ್ಪಟೆ ಹುಳುಗಳು: ಇವು ಚರ್ಮಕ್ಕೂ ಕಣ್ಣಿಗೂ ಅಂಟಿಕೊಳ್ಳುತ್ತವೆ. ಪಾರದರ್ಶಕವಾಗಿರುವುದರಿಂದ ಕಣ್ಣಿಗೆ ಬೀಳುವುದು ಕಷ್ಟ. ಮೀನು ತಲೆಯನ್ನು ಕೊಡವುವುದು, ಕಣ್ಣು ಮಂಜಾಗುವುದು ಸೂಚನೆಗಳು.

ಲಿಂಫೋಸಿಸ್ಟಿಸ್: ವೈರಸ್ಸಿನಿಂದ ಬರುವ ಈ ರೋಗದಲ್ಲಿ ರೆಕ್ಕೆಯಂಚಿನಲ್ಲಿ ಹೂಕೋಸಿನಂತಹ ಗಂಟುಗಳೇಳುತ್ತವೆ. ನೋಡಲು ವಿಕಾರವಾದರೂ ಮೀನು ಸಾಮಾನ್ಯವಾಗಿ ಉಣ್ಣುತ್ತಾ ಈಜುತ್ತಾ ಇರುತ್ತದೆ. ಇದಕ್ಕೆ ಔಷಧವಿಲ್ಲ. ಒಳ್ಳೆಯ ನೀರು, ಒಳ್ಳೆಯ ಆಹಾರ ದೊರೆತರೆ ಬಹುತೇಕ ತಾನಾಗಿಯೇ ಗುಣವಾಗುತ್ತದೆ.

ಬ್ಯಾಕ್ಟೀರಿಯಗಳ ಹುಣ್ಣು: ವಿಬ್ರಿಯೊ ಜಾತಿಯ ಬ್ಯಾಕ್ಟೀರಿಯಗಳಿಂದ ಕೆಂಪು ಗೀರುಗಳು, ತೆರೆದ ಹುಣ್ಣುಗಳು, ಕೊಳೆತ ರೆಕ್ಕೆಗಳು ಉಂಟಾಗುತ್ತವೆ. ಇವು ಅನೇಕ ವೇಳೆ ಪ್ರಯಾಣದ ಗಾಯ, ಜಗಳ, ಹೊಲಸು ನೀರುಗಳ ಬೆನ್ನಿಗೆ ಬರುವ ಎರಡನೆಯ ಪೆಟ್ಟು.

ಮೋಸಗೊಳಿಸುವ ಬಿಡುವು

ಬಿಳಿಚುಕ್ಕೆ ರೋಗದಲ್ಲಿ ಹವ್ಯಾಸಿಗಳನ್ನು ದಾರಿ ತಪ್ಪಿಸುವ ಒಂದು ಘಟ್ಟವಿದೆ. ಪರೋಪಜೀವಿಯು ಮೀನಿನ ಚರ್ಮದಡಿಯಲ್ಲಿ ಮೂರರಿಂದ ಏಳು ದಿನ ಉಂಡು ಬೆಳೆದು, ಬಳಿಕ ತಾನೇ ಕಳಚಿ ಬಿದ್ದು, ಮರಳಿಗೋ ಕಲ್ಲಿಗೋ ಅಂಟಿಕೊಂಡು ಗಟ್ಟಿ ಕವಚವನ್ನು ಕಟ್ಟಿಕೊಳ್ಳುತ್ತದೆ. ಆಗ ಮೀನಿನ ಮೈ ಸ್ವಚ್ಛವಾಗಿ ಕಾಣುತ್ತದೆ. ಅಂಗಡಿಯಿಂದ ತಂದ ಯಾವುದೋ ಬಣ್ಣದ ನೀರನ್ನು ಸುರಿದವರು ಅದೇ ಗುಣಪಡಿಸಿತೆಂದು ನಂಬುತ್ತಾರೆ. ವಾಸ್ತವದಲ್ಲಿ ಕವಚದೊಳಗೆ ಒಂದು ಜೀವಿಯು ಒಡೆದು ನೂರಾರಾಗುತ್ತಿರುತ್ತದೆ. ಮೂರರಿಂದ ಇಪ್ಪತ್ತೆಂಟು ದಿನಗಳೊಳಗೆ, ಅಪರೂಪಕ್ಕೆ ಎರಡು ತಿಂಗಳಿಗೂ ಮೀರಿ, ಇವು ಹೊರಬಂದು ಮತ್ತೆ ಮೀನನ್ನು ಹುಡುಕುತ್ತವೆ. ಕಡಲಿನ ವಿಸ್ತಾರದಲ್ಲಿ ಇವುಗಳಲ್ಲಿ ಬಹುಪಾಲು ಆಶ್ರಯ ಸಿಗದೆ ಒಂದೆರಡು ದಿನಗಳಲ್ಲಿ ಸಾಯುತ್ತವೆ. ನಾಲ್ಕಡಿಯ ತೊಟ್ಟಿಯಲ್ಲಿ ಮೀನಿಗೆ ಓಡಿಹೋಗಲು ಸ್ಥಳವೆಲ್ಲಿದೆ? ಆದುದರಿಂದಲೇ ಎರಡನೆಯ ಸುತ್ತು ಮೊದಲಿನದಕ್ಕಿಂತ ಭಯಂಕರ. ಚುಕ್ಕೆ ಮಾಯವಾಯಿತೆಂದರೆ ರೋಗ ಮಾಯವಾಯಿತೆಂದು ಅರ್ಥವಲ್ಲ. ಈ ಒಂದು ಮಾತನ್ನು ನೆನಪಿಟ್ಟರೆ ಅರ್ಧ ಗೆದ್ದಂತೆ.

ಉಪಚಾರ ಕ್ರಮ

ಚರ್ಮದಡಿಯಲ್ಲಿರುವಾಗಲೂ ಕವಚದೊಳಗಿರುವಾಗಲೂ ಔಷಧವು ಈ ಜೀವಿಯನ್ನು ತಲುಪಲಾರದು. ನೀರಿನಲ್ಲಿ ಈಜಾಡುವ ಅಲ್ಪಾವಧಿಯಲ್ಲಿ ಮಾತ್ರ ಅದು ಸಿಕ್ಕಿಬೀಳುತ್ತದೆ. ಹಾಗಾಗಿ ಎಲ್ಲ ಮೀನುಗಳನ್ನೂ ಬೇರೊಂದು ಬರಿತಳದ ತೊಟ್ಟಿಗೆ ವರ್ಗಾಯಿಸಿ ಅಲ್ಲಿ ಚಿಕಿತ್ಸೆ ನಡೆಸಬೇಕು. ಮುಖ್ಯ ತೊಟ್ಟಿಯನ್ನು ಸುಮಾರು ಎರಡೂವರೆ ತಿಂಗಳು ಮೀನಿಲ್ಲದೆ ಬಿಡಬೇಕು. ಆಶ್ರಯವಿಲ್ಲದೆ ರೋಗಾಣು ನಾಶವಾಗುತ್ತದೆ.

ಬಿಳಿಚುಕ್ಕೆ, ವೆಲ್ವೆಟ್ ಎರಡಕ್ಕೂ ತಾಮ್ರವು ಪ್ರಸಿದ್ಧ ಔಷಧ. ಅಡಿಕೆಯ ಕೊಳೆರೋಗಕ್ಕೆ ನಮ್ಮ ಮಲೆನಾಡಿನ ರೈತರು ಸಿಂಪಡಿಸುವ ಬೋರ್ಡೋ ದ್ರಾವಣದ ಮೈಲುತುತ್ತವೂ ತಾಮ್ರದ ಲವಣವೇ. ಆದರೆ ತೋಟದ ಕೈಯಳತೆ ಇಲ್ಲಿ ನಡೆಯದು. ಒಂದು ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ತಾಮ್ರದ ಅಯಾನುಗಳಿರಬೇಕು. ಕಡಿಮೆಯಾದರೆ ನಿಷ್ಫಲ, ಹೆಚ್ಚಾದರೆ ವಿಷ. ಪರೀಕ್ಷಾ ಸಾಮಗ್ರಿಯಿಂದ ದಿನಕ್ಕೆರಡು ಬಾರಿ ಅಳೆಯುತ್ತಾ ಮೂರು ವಾರಕ್ಕೆ ಕಡಿಮೆಯಿಲ್ಲದಂತೆ ಮುಂದುವರಿಸಬೇಕು. ಸುಣ್ಣದ ಕಲ್ಲು, ಚಿಪ್ಪಿನ ಮರಳುಗಳು ತಾಮ್ರವನ್ನು ಹೀರಿಕೊಳ್ಳುತ್ತವೆ. ಸೀಗಡಿ, ಏಡಿ, ಬಸವನಹುಳುಗಳಿಗೆ ಅದು ಮಾರಕ. ಮುಖ್ಯ ತೊಟ್ಟಿಗೆ ತಾಮ್ರವನ್ನು ಎಂದೂ ಹಾಕಬಾರದೆನ್ನುವುದು ಇದಕ್ಕಾಗಿಯೇ.

ಔಷಧವಿಲ್ಲದ ದಾರಿಯೂ ಒಂದುಂಟು. ಮೂರು ದಿನಕ್ಕೊಮ್ಮೆ, ಒಟ್ಟು ನಾಲ್ಕು ಬಾರಿ, ಮೀನನ್ನು ಒಣಗಿಸಿ ಶುಚಿಗೊಳಿಸಿದ ಹೊಸ ತೊಟ್ಟಿಗೆ ಬದಲಿಸುತ್ತಾ ಹೋದರೆ ಕಳಚಿಬಿದ್ದ ಬಿಳಿಚುಕ್ಕೆಯ ಜೀವಿಗಳು ಒಡೆಯುವ ಮುನ್ನವೇ ಹಿಂದುಳಿಯುತ್ತವೆ. ಶ್ರಮ ಹೆಚ್ಚು, ಅಪಾಯ ಕಡಿಮೆ.

ಸಿಹಿನೀರಿನ ಸ್ನಾನವು ಚಪ್ಪಟೆ ಹುಳುಗಳಿಗೆ ಒಳ್ಳೆಯ ಉಪಾಯ. ಅದೇ ಉಷ್ಣತೆ, ಅದೇ ಪಿ.ಎಚ್. ಇರುವ, ಕ್ಲೋರಿನ್ ತೆಗೆದ ನೀರಿಗೆ ಗಾಳಿಯಾಡಿಸಿ, ಮೀನನ್ನು ಮೂರರಿಂದ ಐದು ನಿಮಿಷ ಇರಿಸಿ, ಎದುರಿಗೇ ನಿಂತು ನೋಡುತ್ತಿರಬೇಕು. ವಿಪರೀತ ತಳಮಳಿಸಿದರೆ ತತ್ಕ್ಷಣ ತೆಗೆಯಬೇಕು. ವೆಲ್ವೆಟ್ಟಿನಲ್ಲಿ ಇದು ಸ್ವಲ್ಪ ಉಪಶಮನ ನೀಡೀತು. ಚರ್ಮದಡಿ ಅಡಗಿದ ಬಿಳಿಚುಕ್ಕೆಯನ್ನು ಇದು ಗುಣಪಡಿಸಲಾರದು. ಬ್ರೂಕ್ಲಿನೆಲ್ಲಕ್ಕೆ ಫಾರ್ಮಲಿನ್ ಬಳಕೆಯಲ್ಲಿದ್ದರೂ ಅದು ಮನುಷ್ಯರಿಗೂ ಅಪಾಯಕಾರಿಯಾದ್ದರಿಂದ ಮತ್ಸ್ಯ ವೈದ್ಯರ ಸಲಹೆಯಿಲ್ಲದೆ ಮನೆಯೊಳಗೆ ಬಳಸತಕ್ಕದ್ದಲ್ಲ.

ಮನೆಯಲ್ಲಿ ಉಳಿದ ಆಂಟಿಬಯಾಟಿಕ್ ಮಾತ್ರೆಗಳನ್ನು ಪುಡಿಮಾಡಿ ತೊಟ್ಟಿಗೆ ಸುರಿಯುವ ಪರಿಪಾಠವನ್ನು ಕೈಬಿಡಬೇಕು. ಪರೋಪಜೀವಿಗಳ ಮೇಲೆ ಅದರ ಪ್ರಭಾವವಿಲ್ಲ. ಉಪಕಾರಿ ಬ್ಯಾಕ್ಟೀರಿಯಗಳು ಸತ್ತು ಅಮೋನಿಯ ಏರೀತು. ಔಷಧಕ್ಕೆ ಬಗ್ಗದ ರೋಗಾಣುಗಳನ್ನು ನಾವೇ ಬೆಳೆಸಿದಂತೆಯೂ ಆದೀತು.

ನಮ್ಮ ಊರುಗಳ ನೀರು

ವಿಶಾಖಪಟ್ಟಣದ ನಿವಾಸಿಗಳು ಕಡಲು ಹತ್ತಿರವಿದೆಯೆಂದು ಕ್ಯಾನುಗಳಲ್ಲಿ ನೀರು ತುಂಬಿ ತರುವುದುಂಟು. ಮುಂಗಾರಿನ ನಂತರ ಗಂಗೆ, ಬ್ರಹ್ಮಪುತ್ರ, ಮಹಾನದಿಗಳ ಸಿಹಿನೀರು ಕರಾವಳಿಯ ಪ್ರವಾಹದೊಡನೆ ದಕ್ಷಿಣಕ್ಕೆ ಹರಿದು, ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಇಲ್ಲಿನ ಮೇಲ್ಪದರದ ಲವಣಾಂಶವನ್ನು ಗಣನೀಯವಾಗಿ ತಗ್ಗಿಸುತ್ತದೆ. ಮೇ ತಿಂಗಳಿನ ನೀರೂ ನವೆಂಬರಿನ ನೀರೂ ಒಂದೇ ಅಲ್ಲ. ಅಳೆಯದೆ ಸುರಿದರೆ ಮೀನಿಗೆ ಆಘಾತವಾಗುತ್ತದೆ. ಬಂದರಿನ ಸಮೀಪದ, ಚರಂಡಿ ಸೇರುವೆಡೆಯ ನೀರಂತೂ ಸರ್ವಥಾ ವರ್ಜ್ಯ. ಗಾಜುವಾಕ, ಪರವಾಡದ ಕಡೆ ವಾಸಿಸುವವರಿಗೂ, ಕೃಷ್ಣಾತೀರದ ವಿಜಯವಾಡದವರಿಗೂ ಅಕ್ವೇರಿಯಂಗೆಂದೇ ತಯಾರಿಸಿದ ಕೃತಕ ಸಮುದ್ರಲವಣವೇ ಹೆಚ್ಚು ಸುರಕ್ಷಿತ. ಅಡುಗೆಯ ಉಪ್ಪು ಅದಕ್ಕೆ ಬದಲಿಯಾಗಲಾರದು. ನಲ್ಲಿಯ ನೀರಿನ ಕ್ಲೋರಿನ್ನನ್ನು ಮೊದಲು ತೆಗೆಯಬೇಕು.

ವಿಜಯವಾಡದ ಬೇಸಗೆಯಲ್ಲಿ ನೀರು ಬಿಸಿಯೇರಿದಂತೆ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗಿ, ರೋಗಾಣುಗಳ ವೃದ್ಧಿಯ ವೇಗ ಹೆಚ್ಚುತ್ತದೆ. ಕರಾವಳಿಯವರಿಗೆ ಚಂಡಮಾರುತದ ಭಯ. 2014ರ ಅಕ್ಟೋಬರ್ 12ರಂದು ಹುಡ್‌ಹುಡ್ ಅಪ್ಪಳಿಸಿದಾಗ ವಿಶಾಖಪಟ್ಟಣದ ಅನೇಕ ಬಡಾವಣೆಗಳಲ್ಲಿ ದಿನಗಟ್ಟಲೆ ವಿದ್ಯುತ್ತಿರಲಿಲ್ಲ. ಬ್ಯಾಟರಿಯಿಂದ ನಡೆಯುವ ಗಾಳಿಪಂಪೊಂದು ಪ್ರತಿ ಮನೆಯ ತೊಟ್ಟಿಯ ಪಕ್ಕದಲ್ಲಿರಲಿ.

ಸಾಕುವವರ ಆರೋಗ್ಯ

ತೊಟ್ಟಿಯ ರೋಗವೊಂದು ಮನುಷ್ಯನಿಗೂ ಅಂಟಬಲ್ಲುದು. ಮೈಕೋಬ್ಯಾಕ್ಟೀರಿಯಂ ಮರೈನಂ ಎಂಬ ಬ್ಯಾಕ್ಟೀರಿಯವು ಕ್ಷಯದ ರೋಗಾಣುವಿನ ಹತ್ತಿರದ ಬಂಧು. 1926ರಲ್ಲಿ ಅಮೆರಿಕದ ಫಿಲಡೆಲ್ಫಿಯದ ಮತ್ಸ್ಯಾಲಯದಲ್ಲಿ ಸತ್ತ ಮೀನುಗಳಲ್ಲಿ ಇದನ್ನು ಗುರುತಿಸಲಾಯಿತು. ಕೈಯ ಮೇಲಿನ ಸಣ್ಣ ಗೀರಿನ ಮೂಲಕ ಅದು ಒಳಹೊಕ್ಕು, ಕೆಲವು ವಾರಗಳ ಬಳಿಕ ಬೆರಳಿನ ಮೇಲೋ ಮೊಣಕೈಯವರೆಗೋ ಮಾಗದ ಕೆಂಪು ಗಂಟುಗಳನ್ನೆಬ್ಬಿಸುತ್ತದೆ. ಸಾಮಾನ್ಯ ಔಷಧಗಳಿಗೆ ಇದು ಬಗ್ಗದು. ಚಿಕಿತ್ಸೆ ತಿಂಗಳುಗಟ್ಟಲೆ ಬೇಕಾದೀತು. ಇಂತಹ ಗಂಟಿಗಾಗಿ ವೈದ್ಯರಲ್ಲಿಗೆ ಹೋದಾಗ ‘ನಮ್ಮ ಮನೆಯಲ್ಲಿ ಮೀನಿನ ತೊಟ್ಟಿ ಇದೆ’ ಎಂಬುದನ್ನು ಮರೆಯದೆ ಹೇಳಬೇಕು. ಕೈಗೆ ಗಾಯವಿದ್ದಾಗ ತೊಟ್ಟಿಗೆ ಕೈ ಹಾಕಬಾರದು. ಕೈಗವಸು ಧರಿಸುವುದು, ಬಳಿಕ ಸಾಬೂನಿನಿಂದ ತೊಳೆಯುವುದು, ನೀರೆಳೆಯುವ ಕೊಳವೆಯನ್ನು ಬಾಯಿಂದ ಹೀರದಿರುವುದು, ಮಧುಮೇಹಿಗಳೂ ದೇಹದ ರೋಗನಿರೋಧ ಶಕ್ತಿ ಕುಂದಿದವರೂ ಈ ಕೆಲಸವನ್ನು ಇತರರಿಗೆ ಬಿಡುವುದು ಕ್ಷೇಮ.

ನಿವಾರಣೆಯೇ ಲೇಸು

ಹೊಸದಾಗಿ ತಂದ ಪ್ರತಿಯೊಂದು ಮೀನನ್ನೂ ನಾಲ್ಕರಿಂದ ಆರು ವಾರ ಪ್ರತ್ಯೇಕ ತೊಟ್ಟಿಯಲ್ಲಿರಿಸಿ ನೋಡಿದ ಮೇಲೆಯೇ ಉಳಿದವುಗಳೊಡನೆ ಬಿಡಬೇಕು. ಎರಡು ತೊಟ್ಟಿಗಳಿಗೆ ಬಲೆ, ಬಕೆಟ್ಟುಗಳು ಬೇರೆಬೇರೆಯಾಗಿರಲಿ. ಅಂಗಡಿಯಲ್ಲಿ ಆಹಾರ ತಿನ್ನುವುದನ್ನು ಕಣ್ಣಾರೆ ಕಂಡು ಕೊಳ್ಳಿರಿ. ಸಾಧ್ಯವಾದಲ್ಲಿ ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಮೀನುಗಳನ್ನು ಆರಿಸಿರಿ. ಕ್ಲೌನ್ ಮೀನುಗಳ ಸಂತಾನಾಭಿವೃದ್ಧಿಯಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನ ಸಂಸ್ಥೆಯು ಯಶಸ್ವಿಯಾಗಿದೆ. ಅದರ ಕೇಂದ್ರಗಳು ವಿಶಾಖಪಟ್ಟಣದಲ್ಲಿಯೂ ನಮ್ಮ ಕಾರವಾರ, ಮಂಗಳೂರುಗಳಲ್ಲಿಯೂ ಇವೆ. ಹವಳ, ಕಡಲಕುದುರೆಗಳು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪಟ್ಟಿಗೆ ಸೇರಿರುವುದರಿಂದ ಅವನ್ನು ಕಡಲಿನಿಂದ ತಂದು ಮಾರುವುದೂ ಕೊಳ್ಳುವುದೂ ಅಪರಾಧ.

ಹವಳದ ದಿಬ್ಬಗಳ ನಡುವೆ ಸ್ವೇಚ್ಛೆಯಾಗಿ ವಿಹರಿಸಬೇಕಾದ ಜೀವಿಯನ್ನು ನಾವು ನಮ್ಮ ಕಣ್ಣಿನ ಸುಖಕ್ಕಾಗಿ ಮನೆಗೆ ತರುತ್ತೇವೆ. ಅದು ತನ್ನ ನೋವನ್ನು ಕೂಗಿ ಹೇಳಲಾರದು. ಪ್ರತಿದಿನ ಆಹಾರ ಹಾಕುವಾಗ ಎರಡು ನಿಮಿಷ ಅದರ ಉಸಿರಾಟವನ್ನೂ ಮೈಯನ್ನೂ ಗಮನಿಸುವುದು, ಕಂಡ ಲಕ್ಷಣವನ್ನು ದಿನಾಂಕದೊಡನೆ ಬರೆದಿಡುವುದು, ಗುರುತು ಸಿಗುವವರೆಗೆ ಔಷಧದ ಸೀಸೆಯನ್ನು ಮುಟ್ಟದಿರುವುದು ಸಾಕುವವರ ಕರ್ತವ್ಯ. ಮನೆಯ ಮಕ್ಕಳಿಗೆ ಈ ಅಭ್ಯಾಸವನ್ನು ಕಲಿಸಿದರೆ, ಮೂಕಪ್ರಾಣಿಯ ಕಷ್ಟವನ್ನು ಅರಿಯುವ ಬುದ್ಧಿಯೂ ಅವರಲ್ಲಿ ಬೆಳೆದೀತು.