ಲಸಿಕೆಯ ಜೊತೆಗೆ ಇನ್ನೊಂದು ಚುಚ್ಚುಮದ್ದು

1954ರಲ್ಲಿ ಇರಾನಿನ ಹಳ್ಳಿಯೊಂದಕ್ಕೆ ನುಗ್ಗಿದ ಹುಚ್ಚುತೋಳ 29 ಮಂದಿಯನ್ನು ಕಚ್ಚಿತು. ಟೆಹರಾನಿನ ಪಾಶ್ಚರ್ ಸಂಸ್ಥೆಯಲ್ಲಿ ಅವರಿಗೆ ಚಿಕಿತ್ಸೆ ನಡೆಯಿತು. ತಲೆಗೆ ಗಾಯವಾಗಿದ್ದವರಲ್ಲಿ ಬರೀ ಲಸಿಕೆ ಪಡೆದವರು ಐವರು, ಮೂವರು ಉಳಿಯಲಿಲ್ಲ. ಲಸಿಕೆಯ ಜೊತೆಗೆ ಪ್ರತಿಕಾಯಗಳಿದ್ದ ಸೀರಮ್ಮನ್ನೂ ಪಡೆದ 13 ಮಂದಿಯಲ್ಲಿ ಸತ್ತವರು ಒಬ್ಬರೇ. ರೇಬೀಸ್ ಚಿಕಿತ್ಸೆಯ ದಾರಿಯನ್ನೇ ಬದಲಿಸಿದ ಲೆಕ್ಕವಿದು.

ಕಾರಣ ಸರಳ. ಲಸಿಕೆ ಹಾಕಿಸಿಕೊಂಡ ಮೇಲೆ ನಮ್ಮ ದೇಹ ತಾನೇ ಪ್ರತಿಕಾಯ ತಯಾರಿಸಲು ಒಂದೆರಡು ವಾರ ಹಿಡಿಯುತ್ತದೆ. ಅಷ್ಟರಲ್ಲಿ ಗಾಯದಲ್ಲಿರುವ ವೈರಾಣು ನರವನ್ನು ಹೊಕ್ಕು ಮಿದುಳಿನತ್ತ ಹೊರಟಿರಬಹುದು. ಮುಖ, ಕುತ್ತಿಗೆಗೆ ಕಚ್ಚಿದ್ದರೆ ದಾರಿ ಇನ್ನೂ ಹತ್ತಿರ. ಸಿದ್ಧ ಪ್ರತಿಕಾಯವನ್ನು ಗಾಯದ ಒಳಗೂ ಸುತ್ತಲೂ ಚುಚ್ಚಿದರೆ ವೈರಾಣು ಅಲ್ಲೇ ನಿಷ್ಕ್ರಿಯವಾಗುತ್ತದೆ. ಅದು ಮಿದುಳು ಸೇರಿ ನೀರು ಕಂಡರೆ ಹೆದರುವ ಲಕ್ಷಣ ಶುರುವಾಯಿತೆಂದರೆ ಈ ಮದ್ದಿನಿಂದ ಪ್ರಯೋಜನವಿಲ್ಲ. ರಕ್ತದಲ್ಲಿರುವ ಪ್ರತಿಕಾಯವನ್ನು ಮಿದುಳಿನ ಸುತ್ತಲಿನ ತಡೆ ಸುಲಭವಾಗಿ ಒಳಬಿಡುವುದಿಲ್ಲ.

ಮೊದಲು ಈ ಪ್ರತಿಕಾಯಗಳನ್ನು ಕುದುರೆಯ ಇಲ್ಲವೇ ಮನುಷ್ಯರ ರಕ್ತದಿಂದಲೇ ಪಡೆಯಬೇಕಿತ್ತು. ಮನುಷ್ಯ ರಕ್ತದ್ದು ದುಬಾರಿ, ಸಿಗುವುದೂ ಕಡಿಮೆ. ಈಗ ಪ್ರಯೋಗಾಲಯದಲ್ಲಿ ಜೀವಕೋಶಗಳನ್ನು ಬೆಳೆಸಿ ತಯಾರಿಸುವ ಮಾನೋಕ್ಲೋನಲ್ ಪ್ರತಿಕಾಯಗಳಿವೆ. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ಅಮೆರಿಕದ ಮಾಸ್‌ಬಯಾಲಜಿಕ್ಸ್ ಜೊತೆಗೂಡಿ ರೂಪಿಸಿದ ರೇಬಿಶೀಲ್ಡ್ ಅಂಥದ್ದು. ಎರಡು ಪ್ರತಿಕಾಯಗಳನ್ನು ಬೆರೆಸಿದ ಟ್ವಿನ್‌ರ‍್ಯಾಬ್ ಅಹಮದಾಬಾದಿನ ಝೈಡಸ್ ಕಂಪನಿಯದು. ವಿಶ್ವ ಆರೋಗ್ಯ ಸಂಸ್ಥೆಯೂ 2018ರಲ್ಲಿ ಇಂಥ ಪ್ರತಿಕಾಯಗಳ ಬಳಕೆಗೆ ಒಪ್ಪಿಗೆ ಕೊಟ್ಟಿದೆ.

ಕರ್ನಾಟಕ 2022ರಲ್ಲಿ ಮನುಷ್ಯರ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ರೋಗದ ಪತ್ತೆ, ಸಂಶೋಧನೆ ನಡೆಯುತ್ತಿದೆ. ಆದರೆ ಜೀವ ಉಳಿಯುವುದು ಕಚ್ಚಿದ ದಿನವೇ ನಾವು ಏನು ಮಾಡುತ್ತೇವೆ ಎಂಬುದರ ಮೇಲೆ. ಗಾಯಕ್ಕೆ ಸುಣ್ಣ, ಖಾರದಪುಡಿ ಮೆತ್ತಬೇಡಿ. ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಕೂಡಲೇ ಆಸ್ಪತ್ರೆಗೆ ಹೋಗಿ. ಚರ್ಮ ಸೀಳಿ ರಕ್ತ ಬಂದಿದ್ದರೆ ಅದು ಮೂರನೇ ದರ್ಜೆಯ ಗಾಯ. ಅದಕ್ಕೆ ಬರೀ ಲಸಿಕೆ ಸಾಲದು. ಮೊದಲ ಲಸಿಕೆಯ ದಿನವೇ ಪ್ರತಿಕಾಯವನ್ನೂ ಕೊಡಬೇಕು. ಆ ದಿನ ಸಿಗದಿದ್ದರೆ ಏಳು ದಿನದೊಳಗೆ ಕೊಡಿಸಲೇಬೇಕು. ವೈದ್ಯರು ಹೇಳದಿದ್ದರೂ ನೀವೇ ಬಾಯಿಬಿಟ್ಟು ಕೇಳಿ. ನಾಯಿ ಕಚ್ಚಿದ್ದನ್ನು ಬೈಗುಳಕ್ಕೆ ಹೆದರಿ ಮಕ್ಕಳು ಮುಚ್ಚಿಡದಂತೆ ಧೈರ್ಯ ತುಂಬಿ. ಬಂದ ಮೇಲೆ ವಾಸಿಯಾಗದ ಈ ರೋಗವನ್ನು ಬರದಂತೆ ತಡೆಯುವ ಮದ್ದು ನಮ್ಮ ದೇಶದಲ್ಲೇ ತಯಾರಾಗುತ್ತಿದೆ. ಅದು ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಸದಾ ಸಿಗುವಂತೆ ನೋಡಿಕೊಳ್ಳುವುದು ಸರ್ಕಾರದ ಹೊಣೆ.