ಚೆನ್ನೈ–ಲಂಡನ್ ವಿಮಾನ ಪ್ರಯಾಣ: ದೂರ ಎಷ್ಟು? ಹೋಗುವಾಗ ಹೆಚ್ಚು, ಬರುವಾಗ ಕಡಿಮೆ ಸಮಯ ಏಕೆ?

ಚೆನ್ನೈ: ಲಂಡನ್‌ನಲ್ಲಿರುವ ಮಕ್ಕಳನ್ನು ನೋಡಲು ಮೊದಲ ಬಾರಿ ವಿಮಾನ ಹತ್ತುವ ತಂದೆ-ತಾಯಿಗೆ ಟಿಕೆಟ್ ನೋಡಿದರೆ ಗೊಂದಲ ಸಹಜ. ಬೆಳಗ್ಗೆ ಚೆನ್ನೈ ಬಿಟ್ಟರೆ ಅದೇ ದಿನ ಮಧ್ಯಾಹ್ನದೊಳಗೆ ಲಂಡನ್! ವಾಪಸ್ ಬರುವಾಗ ಮಾತ್ರ ಮಧ್ಯಾಹ್ನ ಹೊರಟರೆ ತಲುಪುವುದು ಮರುದಿನ. ಹಾಗಾದರೆ ನಿಜವಾದ ಪ್ರಯಾಣದ ಸಮಯ ಎಷ್ಟು? ಇಲ್ಲಿದೆ ಮಾಹಿತಿ.

ದೂರ ಎಷ್ಟು?

ಎರಡೂ ನಗರಗಳ ನಡುವಿನ ನೇರ ವೈಮಾನಿಕ ದೂರ ಸುಮಾರು 8,200 ಕಿ.ಮೀ. ಭೂಮಿ ದುಂಡಗಿರುವುದರಿಂದ ಅತಿ ಹತ್ತಿರದ ದಾರಿ ಭೂಪಟದ ಮೇಲೆ ಬಾಗಿದ ಗೆರೆಯಂತೆ ಕಾಣುತ್ತದೆ. ಇದು ಪಾಕಿಸ್ತಾನ, ಇರಾನ್, ಕ್ಯಾಸ್ಪಿಯನ್ ಸಮುದ್ರ ಹಾಗೂ ದಕ್ಷಿಣ ಉಕ್ರೇನ್ ಮೇಲೆ ಹಾದುಹೋಗುತ್ತದೆ. ಆದರೆ 2022ರ ಫೆಬ್ರವರಿ 24ರಿಂದ ಉಕ್ರೇನ್ ವಾಯುಪ್ರದೇಶ ನಾಗರಿಕ ವಿಮಾನಗಳಿಗೆ ಬಂದ್ ಆಗಿದೆ. 2025ರ ಏಪ್ರಿಲ್ 24ರಂದು ಪಾಕಿಸ್ತಾನವೂ ಭಾರತೀಯ ವಿಮಾನಯಾನ ಸಂಸ್ಥೆಗಳಿಗೆ ತನ್ನ ವಾಯುಪ್ರದೇಶವನ್ನು ಮುಚ್ಚಿತು. ಹೀಗೆ ಸುತ್ತಿ ಹೋಗಬೇಕಾದಾಗ ದೂರ, ಇಂಧನ, ಸಮಯ ಮೂರೂ ಹೆಚ್ಚುತ್ತವೆ.

ಎಷ್ಟು ಗಂಟೆ ಬೇಕು?

ಗಂಟೆಗೆ 900 ಕಿ.ಮೀ. ವೇಗದಲ್ಲಿ ಲೆಕ್ಕ ಹಾಕಿದರೆ 9 ಗಂಟೆ ಸಾಕು. ಆದರೆ ಟಿಕೆಟ್‌ನಲ್ಲಿರುವುದು ಹಾರಾಟದ ಸಮಯ ಮಾತ್ರವಲ್ಲ. ರನ್‌ವೇವರೆಗೆ ಸಾಗುವುದು, ಮೇಲೇರುವುದು, ಇಳಿಯಲು ಕಾಯುವುದು ಎಲ್ಲವೂ ಅದರಲ್ಲಿ ಸೇರಿರುತ್ತದೆ. ಹಾಗಾಗಿ ನೇರ ವಿಮಾನಕ್ಕೂ ಸಾಮಾನ್ಯವಾಗಿ 10ರಿಂದ 11 ಗಂಟೆ ಬೇಕು. ದುಬೈ, ದೋಹಾ ಮೂಲಕ ಹೋದರೆ ಅಲ್ಲಿ ಕಾಯುವ ಸಮಯವನ್ನೂ ಸೇರಿಸಿಕೊಳ್ಳಿ.

ವಾಪಸ್ ಬರುವಾಗ ಬೇಗ ಏಕೆ?

ಆಕಾಶದಲ್ಲಿ 9–12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ‘ಜೆಟ್ ಸ್ಟ್ರೀಮ್’ ಎಂಬ ಬಲವಾದ ಗಾಳಿ ಬೀಸುತ್ತದೆ. ಲಂಡನ್‌ಗೆ ಹೋಗುವಾಗ ಇದು ಎದುರುಗಾಳಿ, ಬರುವಾಗ ಹಿಂದಿನಿಂದ ತಳ್ಳುವ ಗಾಳಿ. ಚಳಿಗಾಲದಲ್ಲಿ ಇದರ ಬಲ ಹೆಚ್ಚು.

ಗಡಿಯಾರದ ಲೆಕ್ಕ ಹೀಗೆ

ಟಿಕೆಟ್‌ನಲ್ಲಿ ಯಾವಾಗಲೂ ಆಯಾ ಊರಿನ ಸ್ಥಳೀಯ ಸಮಯ ಇರುತ್ತದೆ. ಲಂಡನ್ ನಮಗಿಂತ ಚಳಿಗಾಲದಲ್ಲಿ 5.30 ಗಂಟೆ, ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ 4.30 ಗಂಟೆ ಹಿಂದೆ. ಉದಾಹರಣೆಗೆ, ಜನವರಿಯಲ್ಲಿ ಚೆನ್ನೈನಿಂದ ಬೆಳಗ್ಗೆ 5.30ಕ್ಕೆ ಹೊರಟು 11 ಗಂಟೆ ಪ್ರಯಾಣಿಸಿದರೆ ನಮ್ಮಲ್ಲಿ ಸಂಜೆ 4.30. ಅಲ್ಲಿ ಇನ್ನೂ ಬೆಳಗ್ಗೆ 11 ಗಂಟೆ.

ಇದಕ್ಕೆ ಹೋಲಿಸಿದರೆ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ದೂರ ಸುಮಾರು 14,000 ಕಿ.ಮೀ. 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳ ತಂಡವೇ ಏರ್ ಇಂಡಿಯಾ ವಿಮಾನವನ್ನು ಉತ್ತರ ಧ್ರುವದ ಮಾರ್ಗವಾಗಿ ಅಲ್ಲಿಂದ ಬೆಂಗಳೂರಿಗೆ ತಂದಿತ್ತು.

ಪ್ರಯಾಣಿಕರು ಗಮನಿಸಿ

* ಚೆನ್ನೈನಿಂದ ಬೆಂಗಳೂರು, ಮೈಸೂರಿಗೆ ರೈಲು ಬುಕ್ ಮಾಡುವ ಮುನ್ನ ವಿಮಾನ ಇಳಿಯುವ ದಿನಾಂಕ ನೋಡಿ, ಹೊರಡುವ ದಿನಾಂಕವನ್ನಲ್ಲ. ಇಮಿಗ್ರೇಷನ್, ಲಗೇಜ್‌ಗೆ ಕೆಲವು ಗಂಟೆ ಬಿಡುವು ಇರಲಿ.
* ಇನ್ಸುಲಿನ್, ಬಿಪಿ ಮಾತ್ರೆ ತೆಗೆದುಕೊಳ್ಳುವವರು ಡೋಸ್ ಸಮಯವನ್ನು ಮೊದಲೇ ವೈದ್ಯರ ಬಳಿ ಕೇಳಿಕೊಳ್ಳಿ. ಔಷಧ ಕೈಚೀಲದಲ್ಲೇ ಇರಲಿ.
* ಒಂದೇ ಕಡೆ ಕೂರಬೇಡಿ. ಆಗಾಗ ಎದ್ದು ನಡೆದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಕಡಿಮೆ.